ಅಓರಿತಾ ಎಂಬ ಕಾಲಂ

ನೊಯೆಮಿ ಬರ್ರಾಗಾನ್ ಇಂಜಿನಿಯರ್ ಅಲ್ಲ. ನಾಲ್ಕನೆಯ ಸೆಮಿಸ್ಟರಿನಲ್ಲಿ ಕಾಲೇಜು ಬಿಟ್ಟವಳು. ಆದರೂ ಗ್ವಾದಲಹಾರದ ಆ ಕಚೇರಿಯ ಮೂರೂ ಮಹಡಿಗಳಲ್ಲಿ ಅವಳು ಎಲ್ಲರಿಗೂ ಇಂಜಿನಿಯರಮ್ಮ. ನಮ್ಮಲ್ಲಿ ಟೈ ಕಟ್ಟಿದವನು ವಕೀಲ, ಕಂಪ್ಯೂಟರ್ ಮುಂದೆ ಕೂತವನು ಇಂಜಿನಿಯರ್. ಬಾಯಲ್ಲಿ ಪದವಿ ಹಂಚುವುದರಲ್ಲಿ ನಮ್ಮಷ್ಟು ಧಾರಾಳಿಗಳು ಇನ್ನೆಲ್ಲೂ ಸಿಗಲಿಕ್ಕಿಲ್ಲ. ಕಾಗದದ ಮೇಲೆ ಕೊಡಬೇಕಾಗಿ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ.

ಲಾರಿಗಳ ಓಡಾಟ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಹದಿನಾರು ವರ್ಷಗಳ ಹಿಂದೆ ನೊಯೆಮಿ ಅಲ್ಲಿ ಸೇರಿದ್ದು ಫೋನ್ ಎತ್ತುವುದಕ್ಕೆ. ಸರಕು ಸಾಗಿಸುವವರು ಫೋನ್ ಮಾಡಿ ಬೈಯುತ್ತಿದ್ದರು. ಅವಳು ಬೈಗುಳ ಬಿಟ್ಟು ಉಳಿದದ್ದನ್ನು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದಳು. ಎಡಗಡೆ ಮಾಡಬೇಕಾದ್ದು, ನಡುವೆ ಮಾಡುತ್ತಿರುವುದು, ಬಲಗಡೆ ಮುಗಿದದ್ದು. ಯಾರಾದರೂ ಸೆಕೆಯೆಂದು ಕಿಟಕಿ ತೆರೆದರೆ ಚೀಟಿಗಳೆಲ್ಲ ಹಾರಿ, ಮುಗಿದ ಕೆಲಸ ಮತ್ತೆ ಶುರುವಾಗುತ್ತಿತ್ತು.

ಮೂರು ವರ್ಷದ ನಂತರ ಕಂಪನಿ ಇದನ್ನೇ ಪರದೆಯ ಮೇಲೆ ಮಾಡುವ ಸಾಫ್ಟ್‌ವೇರ್ ಒಂದನ್ನು ಕೊಂಡಿತು. ಪ್ರತಿ ವಿಭಾಗಕ್ಕೂ ಒಂದು ಬೋರ್ಡ್, ಪ್ರತಿ ಕೆಲಸಕ್ಕೂ ಒಂದು ಕಾರ್ಡ್. ಕೆಲಸ ನಡೆದ ಹಾಗೆ ಕಾರ್ಡ್ ಒಂದು ಕಾಲಂನಿಂದ ಇನ್ನೊಂದಕ್ಕೆ ಸರಿಯಬೇಕು. ನಿಜವಾದ ಇಂಜಿನಿಯರ್‌ಗಳು ಮೂಗು ಮುರಿದರು. "ಗೋಡೆ ನೋಡ್ಕೊಳ್ತಿದ್ದವಳು ಇದನ್ನೂ ನೋಡ್ಕೊಳ್ಳಲಿ ಬಿಡಿ" ಎಂದು ಅವಳ ತಲೆಗೆ ಕಟ್ಟಿದರು.

ಬೇರೆಯವರಿಗೆ ಬೇಡವಾದದ್ದು ಅವಳಿಗೆ ಒಲಿಯಿತು. ಯಾರು ಯಾವ ಕಾರ್ಡ್ ನೋಡಬಹುದು, ಯಾರು ಸರಿಸಬಹುದು, ಯಾವ ಖಾನೆ ತುಂಬದೆ ಮುಂದೆ ಹೋಗುವಂತಿಲ್ಲ, ಎಲ್ಲವೂ ಅವಳ ಕೈಯಲ್ಲಿ. ಮೊದಲ ವರ್ಷ ಯಾರು ಬೇಕಾದರೂ ಖಾನೆ ಸೇರಿಸಬಹುದಿತ್ತು. ಹಾಗಾಗಿ ಗಡುವಿಗೇ ನಲವತ್ತೊಂದು ಖಾನೆಗಳು ಹುಟ್ಟಿಕೊಂಡಿದ್ದವು: ದಿನಾಂಕ, ದಿನಾಂಕ ಎರಡು, ಕೊನೆಯ ದಿನಾಂಕ, ಕೊನೆಯ ದಿನಾಂಕ ಇದೇ, ದೇವರಾಣೆ ಇದೇ. ನೊಯೆಮಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ, ಮೂವತ್ತೊಂಬತ್ತನ್ನು ಅಳಿಸಿದಳು. ದೇವರಾಣೆಯನ್ನು ಅಳಿಸಿದ ಮೇಲೆ ಇಬ್ಬರು ಒಂದು ವಾರ ಅವಳ ಹತ್ತಿರ ಮಾತು ಬಿಟ್ಟರು.

ಇನ್ನೊಂದು ಸಲ ಪ್ರೋಗ್ರಾಂ ಬರೆಯುವವರಿಗೂ ಅದನ್ನು ಪರೀಕ್ಷಿಸುವವರಿಗೂ ಹಾವು ಮುಂಗುಸಿಯಂತಾಗಿತ್ತು. ಇವರು ಕೊಟ್ಟೆವು ಅನ್ನುವುದು, ಅವರು ಬರಲಿಲ್ಲ ಅನ್ನುವುದು. ನೊಯೆಮಿ ಮೂರು ದಿನ ಎರಡೂ ಕಡೆ ಸುಮ್ಮನೆ ಕೂತು ಕೇಳಿಸಿಕೊಂಡು, ನಡುವೆ 'ಕೈ ಬದಲಾಗಿದೆ' ಎಂದು ಒಂದೇ ಒಂದು ಕಾಲಂ ಹಾಕಿದಳು. ಕೊಟ್ಟವನ ಹೆಸರು, ತೆಗೆದುಕೊಂಡವಳ ಹೆಸರು, ಎರಡೂ ಬರೆಯದೆ ಕಾರ್ಡ್ ಕದಲುವಂತಿಲ್ಲ. ಜಗಳ ಎರಡು ವಾರದಲ್ಲಿ ತಣ್ಣಗಾಯಿತು. ಯಾರೂ ಅವಳಿಗೆ ಧನ್ಯವಾದ ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. ಆ ಸಂಜೆ ಬಸ್ ನಿಲ್ದಾಣದಲ್ಲಿ ಮೆಕ್ಕೆಜೋಳ ಹುಳಿ ಬರಿಸಿ ಮಾಡಿದ ತೆಹುಇನೊಗೆ ನಿಂಬೆ ಹಿಂಡಿ ಕುಡಿಯುತ್ತಾ ಅವಳು ಒಬ್ಬಳೇ ನಕ್ಕಳು. ಕೆಲಸದಲ್ಲಿ ಸುಖ ಎಂದರೆ ಅವಳಿಗೆ ಇಷ್ಟೇ: ಗೋಜಲಾಗಿದ್ದದ್ದು ಬಿಡಿಸಿಕೊಳ್ಳಬೇಕು, ಬಿಡಿಸಿದ್ದು ತಾನೆಂದು ತನಗೆ ಗೊತ್ತಿರಬೇಕು.

ಮೂರು ಪರೀಕ್ಷೆ ಬರೆದು ಪ್ರಮಾಣಪತ್ರ ತಂದಳು. ಸಹಾಯಕಿ ಎಂದಿದ್ದ ಹುದ್ದೆ ಸಂಯೋಜಕಿ ಎಂದಾಯಿತು, ಆಮೇಲೆ ಹಿರಿಯ ಆಡಳಿತಗಾರ್ತಿ ಎಂದಾಯಿತು. ಕುರ್ಚಿ ಮಾತ್ರ ಅದೇ, ಎರಡನೆಯ ಮಹಡಿಯ ಕಂಬದ ಪಕ್ಕದ್ದು.

ಈಗ ಅಓರಿತಾ ವಿಷಯ ಹೇಳಬೇಕು.

ನಮ್ಮಲ್ಲಿ 'ಆಗುವುದಿಲ್ಲ' ಎಂದು ಮುಖದ ಮೇಲೆ ಹೇಳುವುದು ಬೈಯುವುದಕ್ಕೆ ಸಮ. ಅದರ ಬದಲು ಅಓರಿತಾ ಅನ್ನುತ್ತೇವೆ. ಪದಕ್ಕೆ ಅರ್ಥ ಕೇಳಿದರೆ 'ಈಗಲೇ, ಈ ಕ್ಷಣವೇ'. ಆಡುವಾಗ ಅದು ಐದು ನಿಮಿಷವೂ ಆಗಬಹುದು, ಐದು ವರ್ಷವೂ ಆಗಬಹುದು, ಎಂದೆಂದಿಗೂ ಇಲ್ಲ ಎಂದೂ ಆಗಬಹುದು. ಯಾವುದೆಂಬುದು ಹೇಳಿದವನ ಹುಬ್ಬು ನೋಡಿ ತಿಳಿಯಬೇಕು. ಪರದೆಯ ಮೇಲಿನ ಕಾರ್ಡಿಗೆ ಹುಬ್ಬಿಲ್ಲ, ಅದೇ ಫಜೀತಿ. ಕಾರ್ಡನ್ನು 'ಮಾಡಬೇಕು' ಕಾಲಂನಲ್ಲೇ ಬಿಟ್ಟರೆ ಕೇಳಿದವರಿಗೆ ಅವಮಾನ, 'ಮಾಡುತ್ತಿದ್ದೇವೆ' ಕಾಲಂಗೆ ಸರಿಸಿದರೆ ಹಸಿ ಸುಳ್ಳು. ಸೋಮವಾರದ ಸಭೆಯಲ್ಲಿ ಯಾವ ಕಾರ್ಡಿನ ಹೆಸರು ಓದಿದರೂ ಹದಿನೈದು ಗಂಟಲುಗಳಿಂದ ಒಂದೇ ಉತ್ತರ: "ಅಓರಿತಾ, ಇಂಜಿನಿಯರಮ್ಮ."

ಏಳು ವರ್ಷಗಳ ಹಿಂದೆ ಒಂದು ಸೋಮವಾರ ರೋಸಿಹೋಗಿ, ಅರ್ಧ ತಮಾಷೆಗೆ, ನೊಯೆಮಿ ಆ ಎರಡು ಕಾಲಂಗಳ ನಡುವೆ ಇನ್ನೊಂದನ್ನು ಹಾಕಿ ಅದಕ್ಕೆ 'ಅಓರಿತಾ' ಎಂದು ಹೆಸರಿಟ್ಟಳು. ಮಧ್ಯಾಹ್ನದ ಊಟದ ಹೊತ್ತಿಗೆ ಅದರಲ್ಲಿ ಎಪ್ಪತ್ತು ಕಾರ್ಡ್‌ಗಳಿದ್ದವು. ಕಚೇರಿಗೆ ಕಚೇರಿಯೇ ನಿಟ್ಟುಸಿರು ಬಿಟ್ಟಿತು. ಮೇಲಧಿಕಾರಿ ಬಾಲ್ದೊಮೆರೊ ತಾವೇ ಮೂರನೆಯ ಮಹಡಿಯಿಂದ ಇಳಿದು ಬಂದು ಅವಳ ಬೆನ್ನು ತಟ್ಟಿದರು. ಎರಡು ತಿಂಗಳ ಮೇಲೆ ಶಿಕಾಗೊದ ಗಿರಾಕಿಗಳು ಬಂದು ಈ ಪದದ ಅರ್ಥವೇನೆಂದು ಕೇಳಿದಾಗ, ಬಾಲ್ದೊಮೆರೊ ಗಂಭೀರವಾಗಿ ನಿಘಂಟಿನ ಅರ್ಥವನ್ನೇ ಹೇಳಿದರು. ಇನ್ನೂರ ಹನ್ನೆರಡು ಕೆಲಸಗಳು ಈ ಕ್ಷಣವೇ ನಡೆಯುತ್ತಿವೆ ಎಂದು ತಿಳಿದ ಗಿರಾಕಿಗಳು ಬೆರಗಾಗಿ ಇನ್ನೂ ಎರಡು ವರ್ಷದ ಕೆಲಸ ಕೊಟ್ಟು ಹೋದರು.

ಕಾರ್ಡ್‌ಗಳು ಅಲ್ಲಿ ಬೀಡುಬಿಟ್ಟವು, ಮೇಲೇಳಲಿಲ್ಲ. ಕೇಳಿದವರಿಗೆ ನೆನಪಿಸಿದರೆ ಬೇಸರ, ಮಾಡದವರಿಗೆ ನೆನಪಿಸಿದರೆ ನಾಚಿಕೆ. ಹೀಗಾಗಿ ಮರುವರ್ಷ ನೊಯೆಮಿ ಒಂದು ನಿಯಮ ಬರೆದಳು. ಅಓರಿತಾದಲ್ಲಿ ತೊಂಬತ್ತು ದಿನ ಯಾರೂ ಮುಟ್ಟದ ಕಾರ್ಡ್ ತಾನಾಗಿಯೇ ಹಳೆಯ ಕಾರ್ಡ್‌ಗಳ ಉಗ್ರಾಣಕ್ಕೆ ಹೋಗಬೇಕು, ಯಾರಿಗೂ ಸುದ್ದಿ ಹೋಗಬಾರದು. ಯಾರ ಮನಸ್ಸೂ ನೋಯದಂತೆ ಕೆಲಸಗಳು ಸಾಯುವ ಏರ್ಪಾಡು. ಈ ನಿಯಮದ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಇಷ್ಟರಲ್ಲಿ ಅವಳಿಲ್ಲದೆ ಕಚೇರಿ ನಡೆಯುವುದಿಲ್ಲ ಎಂಬಂತಾಗಿತ್ತು. ತಾಯಿಯನ್ನು ಕರೆದುಕೊಂಡು ಸಮುದ್ರಕ್ಕೆ ಹೋದರೆ ಮರಳಿನ ಮೇಲೆ ಕೂತು ಪಾಸ್‌ವರ್ಡ್ ಹೇಳಬೇಕು. ಹಲ್ಲು ಕೀಳಿಸಿಕೊಳ್ಳಲು ಹೋದರೆ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅನುಮತಿ ಕೊಡಬೇಕು. "ಇವಳೊಬ್ಬಳಿಲ್ಲ ಅಂದ್ರೆ ನಾವೆಲ್ಲ ಸತ್ತ ಹಾಗೇನೇ" ಎಂದು ಬಾಲ್ದೊಮೆರೊ ಹೊಸಬರಿಗೆ ಪರಿಚಯ ಮಾಡಿಸುತ್ತಿದ್ದರು. ಮೊದಮೊದಲು ಕೇಳಿ ಉಬ್ಬಿದ್ದಳು. ಬರಬರುತ್ತ ಆ ಮಾತು ಕೇಳಿದಾಗಲೆಲ್ಲ ಕುರ್ಚಿಗೆ ಇನ್ನೊಂದು ಮೊಳೆ ಹೊಡೆದ ಸದ್ದು ಕೇಳಿಸತೊಡಗಿತು. ದಿನಕ್ಕೆ ಅರವತ್ತು ಕೋರಿಕೆಗಳು, ಎಲ್ಲವೂ ತುರ್ತು. ಇವನಿಗೆ ಅನುಮತಿ ಕೊಡು, ಅವಳದ್ದು ತೆಗೆ, ಈ ಕಾಲಂನ ಬಣ್ಣ ಹಸಿರು ಮಾಡು. ಬಿಡಿಸುವಂಥ ಗೋಜಲು ವರ್ಷಕ್ಕೊಂದು ಸಿಕ್ಕಿದರೆ ಹೆಚ್ಚು.

ಅವಳಿಗೆ ಬೇಕಾಗಿದ್ದ ಹುದ್ದೆ ಕಚೇರಿಯಲ್ಲೇ ಇತ್ತು. ಕಾರ್ಯವಿಧಾನಗಳ ಮುಖ್ಯಸ್ಥೆ. ಒಂದೊಂದು ತಂಡದಲ್ಲೂ ಕೂತು, ಅವರು ಕೆಲಸ ಮಾಡುವ ಬಗೆ ನೋಡಿ, ಎಲ್ಲಿ ಸಿಕ್ಕು ಬಿದ್ದಿದೆ ಎಂದು ಹುಡುಕಿ ಬಿಡಿಸುವ ಕೆಲಸ. ಅವಳು ಸಂಬಳವಿಲ್ಲದೆ ಮಾಡುತ್ತಿದ್ದದ್ದೇ ಅದು. ಆ ಹುದ್ದೆ ಮೂರು ವರ್ಷದಿಂದ ಖಾಲಿ. ಬಾಲ್ದೊಮೆರೊ ಅದನ್ನೂ ತಾತ್ಕಾಲಿಕವಾಗಿ ತಮ್ಮ ಹೆಗಲ ಮೇಲೆ ಹಾಕಿಕೊಂಡಿದ್ದರು. ಪ್ರತಿ ಜನವರಿಯಲ್ಲೂ ನೊಯೆಮಿ ಅರ್ಜಿ ಹಾಕುತ್ತಿದ್ದಳು. ಪ್ರತಿ ಸಲವೂ ಬಾಲ್ದೊಮೆರೊ, "ನಡೀತಾ ಇದೆ ತಾಯಿ, ಮೇಲಿನವರು ನೋಡ್ತಾ ಇದಾರೆ" ಅನ್ನುತ್ತಿದ್ದರು. ಮೇಲಿನವರಿಗೆ ತನ್ನ ಅರ್ಧಕ್ಕೆ ನಿಂತ ಓದು ಹಿಡಿಸಿಲ್ಲ ಎಂದು ಅವಳೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ನಾಲ್ಕನೆಯ ಜನವರಿ ಬಂತು. ಈ ಸಲ ರಾಜಧಾನಿಯ ಮುಖ್ಯ ಕಚೇರಿ ಗಡುವು ಹಾಕಿತ್ತು: ಏಪ್ರಿಲ್ ಮೂವತ್ತರೊಳಗೆ ಒಳಗಿನವರನ್ನು ಆರಿಸಿ, ಇಲ್ಲವಾದರೆ ಹೊರಗಿನಿಂದ ತರುತ್ತೇವೆ. ಹೊರಗಿನಿಂದ ಒಬ್ಬ ಬಂದು ಕೂತರೆ ಆ ಕುರ್ಚಿ ಇನ್ನು ಹತ್ತು ವರ್ಷ ಸಿಗುವುದಿಲ್ಲ ಎಂದು ನೊಯೆಮಿಗೆ ಗೊತ್ತಿತ್ತು. ಅವಳಿಗಾಗಲೇ ನಲವತ್ತೊಂದು. ಬೇರೆ ಕಂಪನಿಗಳನ್ನೂ ನೋಡಿದ್ದಳು. ಅಲ್ಲಿಯ ಅರ್ಜಿಗಳಲ್ಲಿ 'ಪದವಿ' ಎಂಬ ಖಾನೆಯ ಪಕ್ಕದಲ್ಲಿ ಸಣ್ಣ ಕೆಂಪು ನಕ್ಷತ್ರ ಇರುತ್ತದೆ, ತುಂಬದೆ ಮುಂದೆ ಹೋಗುವಂತಿಲ್ಲ. ಅಂಥ ನಕ್ಷತ್ರಗಳನ್ನು ಅವಳೇ ನೂರಾರು ಇಟ್ಟವಳು. ಅದನ್ನು ದಾಟುವ ದಾರಿ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಈ ಮೂರು ಮಹಡಿಗಳ ಆಚೆ ಅವಳು ಇಂಜಿನಿಯರಮ್ಮ ಅಲ್ಲ.

ಮನೆಯಲ್ಲಿ ತಾಯಿ ದೋನ್ಯಾ ಕೂಕಾ ಬೆಳಿಗ್ಗೆ ಬೀನ್ಸ್ ಹುರಿಯುತ್ತಾ ಕೇಳುತ್ತಿದ್ದಳು. "ಏನಂದ್ರೇ ನಿಮ್ ಸಾಹೇಬ್ರು?"

"ಅಓರಿತಾ ನೋಡೋಣ ಅಂದ್ರಮ್ಮ."

"ನಿಮ್ಮಪ್ಪನೂ ಬಚ್ಚಲಮನೆ ನಲ್ಲಿ ಅಓರಿತಾ ರಿಪೇರಿ ಮಾಡ್ತೀನಿ ಅಂದಿದ್ರು. ಅವರು ಹೋಗಿ ಒಂಬತ್ತು ವರ್ಷ ಆಯ್ತು, ನಲ್ಲಿ ಇನ್ನೂ ತೊಟ್ಟಿಕ್ತಾ ಇದೆ."

"ನಾನು ಪ್ಲಂಬರ್‌ಗೆ ಹೇಳಿದೀನಲ್ಲಮ್ಮ."

"ಅವನೇನಂದ?"

ನೊಯೆಮಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ತಾಯಿ ನಗುತ್ತಾ ಕಾವಲಿಯ ಮೇಲಿನ ತೊರ್ತಿಯಾ ರೊಟ್ಟಿ ತಿರುವಿ ಹಾಕಿದಳು.

ಏಪ್ರಿಲ್ ಹದಿನಾರರಂದು ನೌಕರರ ವಿಭಾಗದ ಪೆರ್ಲಾಳಿಂದ ಒಂದು ಕೋರಿಕೆ ಬಂತು. ಮುಖ್ಯ ಕಚೇರಿ ಮೂರು ವರ್ಷಗಳಲ್ಲಿ ಒಳಗಿನವರು ಹಾಕಿದ ಅರ್ಜಿಗಳನ್ನೆಲ್ಲ ಕೇಳಿದೆ, ಹಳೆಯವು ಎಲ್ಲೂ ಕಾಣಿಸುತ್ತಿಲ್ಲ, ದಯವಿಟ್ಟು ಹುಡುಕಿಕೊಡಿ. ನೊಯೆಮಿಗೆ ಕಚೇರಿಯ ಯಾವ ಬೋರ್ಡನ್ನು ಬೇಕಾದರೂ ತೆರೆಯುವ ಅಧಿಕಾರವಿತ್ತು. ನೌಕರರ ವಿಭಾಗದ್ದನ್ನು ಮಾತ್ರ ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಬೇರೆಯವರ ಮನೆಯ ಬೀರುವಿನಲ್ಲಿ ಕೈ ಹಾಕಿದಂತೆ ಎಂದು ಅವಳ ಲೆಕ್ಕ. ಈಗ ಅವರೇ ಕೇಳಿದ್ದರಿಂದ ತೆರೆದಳು. ಉಗ್ರಾಣದಲ್ಲಿ ಅರವತ್ತೊಂದು ಅರ್ಜಿಗಳಿದ್ದವು. ಮರಳಿ ತರುತ್ತಾ ಹೋದಳು. ಹದಿನಾಲ್ಕನೆಯದು ಅವಳದೇ. ಮೂವತ್ತೆರಡನೆಯದೂ ಅವಳದು. ಐವತ್ತನೆಯದೂ.

ಮೂರರ ಚರಿತ್ರೆಯೂ ಒಂದೇ. ಬಾಲ್ದೊಮೆರೊ ಅವರಿಗೆ ಕಳಿಸಲಾಗಿದೆ. ಅದೇ ದಿನ ಬಾಲ್ದೊಮೆರೊ ಇದನ್ನು ಅಓರಿತಾಕ್ಕೆ ಸರಿಸಿದ್ದಾರೆ. ತೊಂಬತ್ತು ದಿನಗಳ ನಂತರ ತಾನಾಗಿ ಉಗ್ರಾಣಕ್ಕೆ ಹೋಗಿದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ: ನಿಯಮ ಬರೆದವರು, ನೊಯೆಮಿ ಬರ್ರಾಗಾನ್.

ಮೇಲಿನವರು ಆ ಅರ್ಜಿಗಳನ್ನು ನೋಡಿರಲೇ ಇಲ್ಲ. ಬಾಲ್ದೊಮೆರೊ ಅವನ್ನು ಅವಳ ಕಾಲಂನಲ್ಲಿ ಕೂರಿಸಿ, ಅವಳ ನಿಯಮದಿಂದಲೇ ಅವಳನ್ನು ಮೂರು ಸಲ ಮಣ್ಣು ಮಾಡಿದ್ದರು. ಯಾರ ಮನಸ್ಸೂ ನೋಯದ ಹಾಗೆ. ನೊಯೆಮಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. ವಾಪಸು ಬಂದು ನೋಡಿದರೆ ಈ ವರ್ಷದ ಅರ್ಜಿಯೂ ಅಲ್ಲೇ ಇತ್ತು, ಅಓರಿತಾದಲ್ಲಿ, ಹನ್ನೆರಡು ದಿನ ಆಯಸ್ಸು ಉಳಿಸಿಕೊಂಡು.

ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋದಳು. ಬಾಲ್ದೊಮೆರೊ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಆ ಮನುಷ್ಯ ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಬಾ ಬಾ ಇಂಜಿನಿಯರಮ್ಮ. ಕಾಫಿ ಕುಡೀತೀಯಾ? ಅಮ್ಮನ ಮಂಡಿನೋವು ಹೇಗಿದೆ?"

"ಪರವಾಗಿಲ್ಲ ಸಾಹೇಬ್ರೇ. ನನ್ ಅರ್ಜಿ ವಿಷಯ..."

"ನಡೀತಾ ಇದೆ ತಾಯಿ, ನಡೀತಾ ಇದೆ."

"ನಡೀತಾ ಇಲ್ಲ. ಪೆರ್ಲಾ ಹಳೇದೆಲ್ಲ ತೆಗೆದುಕೊಡಿ ಅಂದ್ಲು, ತೆಗೆದೆ. ಮೂರ್ ವರ್ಷದ್ದೂ ನೋಡ್ದೆ. ಬಂದ ದಿನಾನೇ ಅಓರಿತಾಗೆ ಹಾಕಿದೀರಿ."

ಬಾಲ್ದೊಮೆರೊ ಚಮಚವನ್ನು ಬಹಳ ಹೊತ್ತು ಕಾಫಿಯಲ್ಲಿ ತಿರುಗಿಸಿದರು. "ನೋಡು, ನೀನು ಆ ಕಡೆ ಹೋದ್ರೆ ಈ ಬೋರ್ಡ್ ನೋಡ್ಕೊಳ್ಳೋರ್ಯಾರು? ನನಗೆ ಅದೊಂದು ಹೇಳು."

"ಯಾದಿರಾಗೆ ಕಲಿಸ್ತೀನಿ. ಪರೀಕ್ಷೆ ವಿಭಾಗದವಳು, ಚುರುಕಾಗಿದಾಳೆ. ಎರಡು ತಿಂಗಳು ಸಾಕು."

"ಯಾದಿರಾ ಒಳ್ಳೇ ಹುಡುಗೀನೇ. ಆದ್ರೆ ನಿನ್ ಹಾಗೆ ಆಗ್ತಾಳಾ?"

"ಹಂಗಾದ್ರೆ ಆಗಲ್ಲ ಅಂತ ಹೇಳ್ಬಿಡಿ. ಬಾಯಿ ಬಿಟ್ಟು ಒಂದ್ಸಲ ಹೇಳಿ. ನಾನು ನನ್ ದಾರಿ ನೋಡ್ಕೊಳ್ತೀನಿ."

ಕೆನ್ನೆಗೆ ಹೊಡೆದಂತೆ ಅವರ ಮುಖ ಕೆಂಪಾಯಿತು. "ಆಗಲ್ಲ ಅಂತ ನಾನು ನಿನಗೆ ಯಾವತ್ತಾದ್ರೂ ಅಂದಿದೀನಾ? ಹದಿನಾಲ್ಕು ವರ್ಷದಲ್ಲಿ? ಒಂದೇ ಒಂದ್ಸಲ?"

"ಇಲ್ಲ."

"ಮತ್ತೆ?"

"ಅದೇ ಕಷ್ಟ ಆಗಿರೋದು ಸಾಹೇಬ್ರೇ."

"ಮನಸ್ಸಿಗೆ ಹಚ್ಕೋಬೇಡ ತಾಯಿ" ಎಂದು ಅವರು ಬಾಗಿಲ ತನಕ ಬಂದರು. ನಿಜವಾಗಿಯೂ ನೊಂದಿದ್ದರು. "ಮೂವತ್ತರ ಒಳಗೆ ಏನಾದ್ರೂ ಮಾಡೋಣ. ಅಓರಿತಾ ನೋಡ್ತೀನಿ."

ಅವರ ಹುಬ್ಬು ನೋಡಿದಳು. ಅದು ಎಂದೆಂದಿಗೂ ಇಲ್ಲ ಎಂಬ ಹುಬ್ಬು.

ಕೆಳಗೆ ಬಂದು ಅವಳು ಯಾರನ್ನೂ ಕೇಳದೆ ಎಲ್ಲ ಬೋರ್ಡ್‌ಗಳಿಗೂ ಒಂದು ಹೊಸ ಕಾಲಂ ಸೇರಿಸಿದಳು. ಒಂದೇ ಅಕ್ಷರದ ಹೆಸರು: ನೋ. ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ಕೇಳದಿದ್ದ ಏಕೈಕ ಕಾಲಂ. ಆಮೇಲೆ ಪೆರ್ಲಾಳ ಬೋರ್ಡಿಗೆ ಹೋಗಿ ತನ್ನ ಅರ್ಜಿಯನ್ನು ಹಿಡಿದು ಅಓರಿತಾದಿಂದ ನೋಗೆ ಎಳೆದಳು. ಅವರು ಹೇಳದಿದ್ದರೆ ಬೇಡ, ತಾನೇ ಹೇಳಿಕೊಳ್ಳುತ್ತೇನೆ ಎಂಬ ಹಟ. ಅದು ತನಗೆ ಸೇರಿದ ಕೆಲಸವಲ್ಲ, ತಪ್ಪು ಎಂದೂ ಗೊತ್ತಿತ್ತು. ಎಳೆದ ಮೇಲೆ ಒಂದು ಥರ ಹಗುರಾಯಿತು. ನೀರು ಕುಡಿಯಲು ಎದ್ದಳು.

ಲೋಟ ತುಂಬಿಕೊಂಡು ಬರುವಷ್ಟರಲ್ಲಿ ಕಾರ್ಡ್ ಅಲ್ಲಿರಲಿಲ್ಲ. ಚರಿತ್ರೆಯಲ್ಲಿ ಹೊಸ ಸಾಲೊಂದು ಸೇರಿತ್ತು: ಬಾಲ್ದೊಮೆರೊ ಇದನ್ನು ನೋದಿಂದ ಅಓರಿತಾಕ್ಕೆ ಸರಿಸಿದ್ದಾರೆ. ಪಕ್ಕದಲ್ಲಿ ಅವಳ ನಿಯಮ ತನ್ನ ಕೆಲಸ ತಾನು ಮಾಡಿ ದಿನಗಳನ್ನು ಮೊದಲಿನಿಂದ ಎಣಿಸಲು ಶುರು ಮಾಡಿತ್ತು. ಉಳಿದಿರುವುದು, ತೊಂಬತ್ತು ದಿನ.

ಏಪ್ರಿಲ್ ಮೂವತ್ತು ಬಂತು, ಹೋಯಿತು. ಹಳೆಯ ಅರ್ಜಿಗಳು ರಾಜಧಾನಿಗೆ ಹೋದರೂ ಬಾಲ್ದೊಮೆರೊ ಇಲ್ಲಿಂದ ಯಾರ ಹೆಸರನ್ನೂ ಆರಿಸಿ ಕಳಿಸಲಿಲ್ಲ. ಮೇ ಎರಡನೆಯ ವಾರ ಕಾರ್ಯವಿಧಾನಗಳ ಮುಖ್ಯಸ್ಥನಾಗಿ ಎವೆರಾರ್ದೊ ಎಂಬವನು ಹೊರಗಿನಿಂದ ಬಂದ. ಮೂವತ್ತರ ಆಸುಪಾಸು, ಮರ್ಯಾದಸ್ಥ, ಪದವಿಯನ್ನು ಚೌಕಟ್ಟು ಹಾಕಿಸಿ ತಂದಿದ್ದ. ಅವನ ಮೊದಲ ಕಾರ್ಡ್ ನೊಯೆಮಿಗೇ ಬಂತು. 'ಎಲ್ಲ ಬೋರ್ಡ್‌ಗಳನ್ನು ನೋಡಲು ಅನುಮತಿ ಬೇಕು. ಇಲ್ಲಿ ಕೆಲಸಗಳು ಹೇಗೆ ನಡೆಯುತ್ತವೆ ಎಂದು ನೀವೇ ಹೇಳಿಕೊಡುತ್ತೀರಿ ಎಂದು ಬಾಲ್ದೊಮೆರೊ ಸರ್ ಹೇಳಿದರು.' ನೊಯೆಮಿ ನಾಲ್ಕು ನಿಮಿಷದಲ್ಲಿ ಅನುಮತಿ ಕೊಟ್ಟಳು. ಮಧ್ಯಾಹ್ನ ಎರಡು ಗಂಟೆ ಕೂತು ಹೇಳಿಯೂ ಕೊಟ್ಟಳು. ಅವನು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ, ಅದು ಇನ್ನೂ ಹೊಟ್ಟೆ ಉರಿಸಿತು.

ಈ ನಡುವೆ ನೋ ಕಾಲಂ ಸುಮ್ಮನೆ ಇರಲಿಲ್ಲ. ಮೊದಲ ವಾರ ಎಲ್ಲರೂ ಅದನ್ನು ಹಸಿ ಬಣ್ಣದ ಬೆಂಚಿನಂತೆ ದೂರದಿಂದ ನೋಡಿದರು. ಎರಡನೆಯ ವಾರ ಯಾರೋ ಒಂದು ಕಾರ್ಡನ್ನು ಮೆಲ್ಲಗೆ ಅದರೊಳಗೆ ಇಟ್ಟರು, ಆಕಾಶ ಕಳಚಿ ಬೀಳಲಿಲ್ಲ. ಮೇ ಕೊನೆಗೆ ಅಲ್ಲಿ ಎಂಬತ್ತಾರು ಕಾರ್ಡ್‌ಗಳು. ಯಾದಿರಾ ಊಟದ ಡಬ್ಬಿ ಹಿಡಿದು ಅವಳ ಮೇಜಿಗೆ ಬಂದಳು.

"ಅಕ್ಕಾ, ಇವತ್ತು ಲಾರಿ ಬಣ್ಣದ್ದು ಆ ಕಾರ್ಡ್ ಇತ್ತಲ್ಲ, ನಾಲ್ಕು ವರ್ಷದಿಂದ ಕೆದಕಿ ಕೆದಕಿ ಕೇಳ್ತಿದ್ರಲ್ಲ, ಅದನ್ನ ನೋಗೆ ಹಾಕ್ಬಿಟ್ಟೆ. ನಿಜ ಹೇಳ್ಲಾ? ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು."

"ಕೇಳಿದವರು ಏನಂದ್ರು?"

"ಅಯ್ಯೋ, ಮೊದ್ಲೇ ಹೇಳಿದ್ರೆ ಬೇರೆ ಏನಾದ್ರೂ ಮಾಡ್ಕೊಳ್ತಿದ್ವಲ್ಲಾ ಅಂದ್ರು. ಅಷ್ಟೇ."

ನೊಯೆಮಿ ನಕ್ಕಳು. ಹಳೆಯ ಸುಖ ಒಂದು ಗಳಿಗೆ ಬಂದು ಹೋಯಿತು. ಗೋಜಲು ಬಿಡಿಸಿಕೊಳ್ಳುತ್ತಿತ್ತು, ಬಿಡಿಸಿದ್ದು ಅವಳೇ. ತನ್ನದೊಂದು ಕಾರ್ಡ್ ಬಿಟ್ಟು ಉಳಿದೆಲ್ಲವಕ್ಕೂ ಅಲ್ಲಿ ಜಾಗ ಸಿಕ್ಕಿತ್ತು.

ಜೂನ್ ಮೊದಲ ಸೋಮವಾರ ಬಾಲ್ದೊಮೆರೊ ಅವಳ ಮೇಜಿಗೆ ಬಂದರು. ಕೈಯಲ್ಲಿ ಮಾಂಸ ತುಂಬಿದ ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿದ ತೊರ್ತಾದ ಪೊಟ್ಟಣ, ಅವಳಿಗೆಂದೇ ತಂದದ್ದು, ಖಾರ ಜಾಸ್ತಿ, ಈರುಳ್ಳಿ ಇಲ್ಲ. ಅವಳಿಗೆ ಹೇಗೆ ಬೇಕೆಂದು ಅವರಿಗೆ ಗೊತ್ತಿತ್ತು.

"ಇಂಜಿನಿಯರಮ್ಮ, ಗುರುವಾರ ಶಿಕಾಗೊದವರು ಬರ್ತಾರೆ. ಆ ನೋ ಅಂತ ಒಂದ್ ಕಾಲಂ ಇದೆಯಲ್ಲ..."

"ಹೂಂ ಸಾಹೇಬ್ರೇ."

"ಅವರಿಗೆ ನಾನು ಏನ್ ಬೇಕಾದ್ರೂ ಅರ್ಥ ಹೇಳ್ಬಹುದು. ಇದೊಂದು ಪದ ಅವರಿಗೆ ನನ್ನನ್ನ ಕೇಳದೇನೇ ಅರ್ಥ ಆಗುತ್ತೆ." ಅವರು ಅವಳ ಹೆಗಲ ಮೇಲೆ ಮೆತ್ತಗೆ ಕೈ ಇಟ್ಟರು. "ತೆಗೆದ್ಬಿಡು ತಾಯಿ. ನಿನಗೆ ಎರಡು ನಿಮಿಷದ ಕೆಲಸ."

ನೊಯೆಮಿ ತಲೆ ಎತ್ತಿ ಅವರನ್ನು ನೋಡಿದಳು. ಬೈಯಬೇಕೆನ್ನಿಸಿತು, ಅಳಬೇಕೆನ್ನಿಸಿತು, ತೊರ್ತಾವನ್ನು ಅವರ ಬಿಳಿ ಅಂಗಿಯ ಮೇಲೆ ಸುರಿಯಬೇಕೆನ್ನಿಸಿತು. ಅದೇನನ್ನೂ ಮಾಡದೆ, ಹುಬ್ಬನ್ನು ಇದ್ದಲ್ಲೇ ಇರಿಸಿಕೊಂಡು, ಸಿಹಿಯಾಗಿ ಹೇಳಿದಳು.

"ಅಓರಿತಾ, ಸಾಹೇಬ್ರೇ."

"ನೀನಿಲ್ದಿದ್ರೆ ನಾವೆಲ್ಲ ಏನ್ ಮಾಡ್ತಿದ್ವೋ" ಎಂದು ಅವರು ಸಂತೋಷದಿಂದ ಮೆಟ್ಟಿಲು ಹತ್ತಿದರು.

ಗುರುವಾರ ಬಂದು ಹೋಯಿತು. ಅದಾಗಿ ಎರಡು ವರ್ಷವೂ ಆಯಿತು. ಆ ಕಾಲಂ ಇನ್ನೂ ಅಲ್ಲೇ ಇದೆ. ಎರಡನೆಯ ಮಹಡಿಯ ಕಂಬದ ಪಕ್ಕದಲ್ಲಿ, ಅವಳೂ.